ಕನ್ನಡಕ ತೆಗೆದರೆ ಮಾತಿಲ್ಲ

ನನ್ನ ಅಣ್ಣನಿಗೆ ಅಂಗಡಿಯಲ್ಲಿ ಜಡ್ಜ್ ಎಂದು ಹೆಸರು. ಕೋರ್ಟಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ದುಂಡಗಿನ ಲೆನ್ಸನ್ನು ತಿರುಗುವ ಕಲ್ಲಿಗೆ ಹಿಡಿದು, ಫ್ರೇಮಿನ ಆಕಾರಕ್ಕೆ ತಂದು, ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ ಕೂರಿಸುತ್ತಾನೆ. ಕಣ್ಣುಪಾಪೆಯ ನಡುಭಾಗ ಎಲ್ಲಿ ಬರುತ್ತದೋ ಅಲ್ಲಿ ಮೊದಲೇ ಒಂದು ಕೆಂಪು ಚುಕ್ಕಿ ಇಟ್ಟುಕೊಳ್ಳುತ್ತಾನೆ. ಚುಕ್ಕಿ ಕೂದಲೆಳೆಯಷ್ಟು ಆಚೀಚೆ ಆದರೂ ಹಾಕಿಕೊಂಡವರಿಗೆ ತಲೆನೋವು ಗ್ಯಾರಂಟಿ ಎನ್ನುತ್ತಾನೆ. ಇಪ್ಪತ್ತೊಂದು ವರ್ಷದಿಂದ ಅದೇ ಸ್ಟೂಲು, ಅದೇ ದೀಪ.

ಮೊದಲು ಅವನನ್ನು ಮುಂದಿನ ಕೌಂಟರಿನಲ್ಲಿ ನಿಲ್ಲಿಸಿದ್ದರು. ಹತ್ತೇ ದಿನ. ಒಬ್ಬ ಹೆಂಗಸು ಅಗಲವಾದ ಫ್ರೇಮು ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ, "ಹೇಗಿದೆ?" ಎಂದು ಕೇಳಿದರು. ಉಳಿದವರೆಲ್ಲ "ನಿಮಗೇ ಅಂತ ಮಾಡಿಸಿದ ಹಾಗಿದೆ ಮೇಡಂ" ಎಂದರು. ಅಣ್ಣ ಹತ್ತಿರ ಹೋಗಿ ನೋಡಿ, "ನಿಮ್ಮ ಮುಖ ಚಿಕ್ಕದು. ಇದರಲ್ಲಿ ಕನ್ನಡಕ ಮಾತ್ರ ಕಾಣುತ್ತೆ, ನೀವು ಕಾಣಲ್ಲ" ಎಂದ. ಮಾರನೇ ದಿನ ವಯಸ್ಸಾದವರೊಬ್ಬರಿಗೆ, "ನಂಬರ್ ಬದಲಾಗಿಲ್ಲ ಸರ್. ಹಳೇದನ್ನೇ ಸೋಪು ಹಾಕಿ ತೊಳೀರಿ, ಕಾಣುತ್ತೆ" ಎಂದು ಹೇಳಿ ಬರಿಗೈಯಲ್ಲಿ ಕಳಿಸಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯೇ ಇದೆ. ಯಜಮಾನರು ಒದೆಯಲಿಲ್ಲ. ಹಿಂದಿನ ಕೋಣೆಗೆ ಹಾಕಿ, ಗೋಡೆಯಲ್ಲೊಂದು ಗೇಣಗಲದ ಕಿಟಕಿ ಮಾಡಿಸಿ, ಫ್ರೇಮುಗಳನ್ನು ಅದರಲ್ಲೇ ಒಳಗೆ ತಳ್ಳತೊಡಗಿದರು. ವರ್ಷ ತುಂಬುವುದರೊಳಗೆ ಗಿರಾಕಿಗಳೇ ಆ ಕಿಟಕಿ ತೋರಿಸಿ, "ಜಡ್ಜ್ ಏನಂತಾರೆ ಕೇಳಿ" ಎನ್ನುವಂತಾಯಿತು. ಯಜಮಾನರು ಮೂಗು ಮುರಿದರು, ಆದರೆ ಕಿಟಕಿ ಮುಚ್ಚಿಸಲಿಲ್ಲ.

ಮನೆಯಲ್ಲಿ ಅವನನ್ನು ಹಾಕಲು ಹಿಂದಿನ ಕೋಣೆ ಇರಲಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಮ್ಮ, ಅಣ್ಣ, ನಾನು. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ಹೋದರು. ನನ್ನ ಕೆಲಸ ಬಟ್ಟೆ ಒಗೆಯುವ ಮೆಷಿನ್ ಕಂಪನಿಯೊಂದರ ದೂರು ವಿಭಾಗದಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತೆ ಸರ್" ಎಂದು ದಿನಕ್ಕೆ ಎಂಬತ್ತು ಸಲ ಹೇಳುವುದು. ನನಗೆ ಯಾರ ತೊಂದರೆಯೂ ಅರ್ಥವಾಗುತ್ತಿರಲಿಲ್ಲ. ಅಣ್ಣ ಒಮ್ಮೆ ಕೇಳಿದ್ದ: "ಅರ್ಥ ಆಗದೆ ಇದ್ರೆ ಆಗುತ್ತೆ ಅಂತ ಯಾಕೆ ಹೇಳ್ತೀಯ?" ನಾನು, "ಹಾಗೆ ಹೇಳಿದ್ರೇ ಸಂಬಳ" ಎಂದೆ. ಅವನು ಒಪ್ಪಿಕೊಂಡ. ಕಾರಣ ಸಿಕ್ಕರೆ ಸಾಕು, ಅವನು ಏನನ್ನಾದರೂ ಒಪ್ಪಿಕೊಳ್ಳುತ್ತಾನೆ.

ಅವನಿಗೆ ಮೂವತ್ನಾಲ್ಕು ವರ್ಷವಾದಾಗ ಒಬ್ಬ ಡಾಕ್ಟರಮ್ಮ ಮೂರು ದಿನ ಕೂರಿಸಿ ಮಾತಾಡಿಸಿ, ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ಅಮ್ಮ ಕೇಳಿದ್ದು ಒಂದೇ: "ಮಾತ್ರೆ ಇದ್ಯಾ?" ಇಲ್ಲ ಎಂದರು. "ಮತ್ತೆ ಹೆಸರು ಯಾಕೆ ಬೇಕಿತ್ತು?" ಎಂದು ಅಮ್ಮ ಎದ್ದುಬಿಟ್ಟಳು. ಅಣ್ಣನಿಗೆ ಮಾತ್ರ ಖುಷಿಯಾಗಿತ್ತು. "ಹೆಸರಿದೆ ಅಂದ್ರೆ ನನ್ನ ಥರದವರು ಇನ್ನೂ ಇದ್ದಾರೆ ಅಂತ ಅರ್ಥ" ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದ.

ಅವನ ಬಾಯಿಗೆ ಲಗಾಮು ಹಾಕಿದವಳು ನಾನು. ಕೆಳಗಿನ ಮನೆಯ ಯಜಮಾನರು ತೀರಿಕೊಂಡಾಗ ಎಲ್ಲರೂ ಹೋಗಿದ್ದೆವು. ಯಾರೋ "ಇರುವೆಗೂ ನೋವು ಮಾಡದ ಮನುಷ್ಯ" ಎಂದರು. ಅಣ್ಣ, "ನಾಯಿಗೆ ಕಲ್ಲು ಹೊಡೀತಿದ್ರು. ನಾನು ನಾಲ್ಕು ಸಲ ನೋಡಿದ್ದೀನಿ" ಎಂದ. ಸತ್ತವರ ಹೆಂಡತಿ ಅಳು ನಿಲ್ಲಿಸಿ ತಲೆಯೆತ್ತಿ ನೋಡಿದರು. ಮನೆಗೆ ಬಂದ ಮೇಲೆ ಅವನನ್ನು ಕೂರಿಸಿಕೊಂಡು ನಿಯಮ ಮಾಡಿದೆ. ಕಣ್ಣು ಸನ್ನೆ, ಮೊಣಕೈ ತಿವಿತ ಅವನಿಗೆ ತಿಳಿಯುವುದಿಲ್ಲ; ತಿವಿದರೆ "ಯಾಕೆ ತಿವೀತಿದೀಯ?" ಎಂದು ಸಭೆಯಲ್ಲೇ ಕೇಳುತ್ತಾನೆ. ಅದಕ್ಕೇ ಅವನ ಕಸುಬಿನ ಸಾಮಾನನ್ನೇ ಗುರುತು ಮಾಡಿದೆ. ನಾನು ಕನ್ನಡಕ ತೆಗೆದರೆ ಅವನು ಮಾತು ನಿಲ್ಲಿಸಬೇಕು. ನಾನು ಮತ್ತೆ ಹಾಕಿಕೊಳ್ಳುವವರೆಗೆ ತುಟಿ ಎರಡು ಮಾಡಬಾರದು. ನನ್ನದು ದಪ್ಪ ಗಾಜು, ಅವನೇ ಉಜ್ಜಿದ್ದು. ಅದಿಲ್ಲದೆ ನನಗೆ ಎದುರಿನವರ ಮುಖ ಬರೀ ಮಬ್ಬು.

ನಿಯಮ ಚೆನ್ನಾಗಿ ನಡೆಯಿತು. ಒಂದು ಸಲ ಮಾತ್ರ ಮುರಿಯಿತು. ನಮ್ಮ ಆಫೀಸಿನ ಒಬ್ಬನೂ ನಾನೂ ಮದುವೆಯ ಮಾತಿಗೆ ಬಂದಿದ್ದೆವು. ಅವನ ಅಪ್ಪ ಅಮ್ಮ ಮನೆಗೆ ಬಂದರು. ನಾನು ಬಾಗಿಲು ತೆಗೆಯುವಾಗಲೇ ಕನ್ನಡಕ ತೆಗೆದಿಟ್ಟಿದ್ದೆ. ಹುಡುಗನ ತಾಯಿ ಸುಮ್ಮನಿರದೆ ಅಣ್ಣನನ್ನೇ ಕೇಳಿದರು: "ನಿಮ್ಮ ತಂಗಿ ಸ್ವಭಾವ ಹೇಗಪ್ಪಾ?"

"ಕೋಪ ಜಾಸ್ತಿ. ಪಾತ್ರೆ ಎಸೀತಾಳೆ. ಒಂದು ನನಗೆ ತಗಲಿದೆ."

ಆ ಸಂಬಂಧ ಮುರಿಯಿತು. ಈಗ ಯೋಚಿಸಿದರೆ, ಆ ಮನುಷ್ಯ ಅದಕ್ಕೂ ಮೊದಲೇ ಜಾರಿಕೊಳ್ಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಆಗ ಒಂದು ಡೊಂಕು ನೆಲ ಬೇಕಿತ್ತು, ಅಣ್ಣ ಸಿಕ್ಕಿದ. ಅಡುಗೆಮನೆಯಲ್ಲಿ ಅವನನ್ನು ನಿಲ್ಲಿಸಿ ಬಾಯಿಗೆ ಬಂದದ್ದೆಲ್ಲ ಅಂದೆ. "ಕನ್ನಡಕ ತೆಗೆದಿರಲಿಲ್ವಾ? ಕಣ್ಣು ಕಾಣಲಿಲ್ವಾ? ಮನೆಗೆ ಬೆಂಕಿ ಬಿದ್ರೂ ಬಾಯಿ ಬಿಡಬೇಡ ಅಂದಿರಲಿಲ್ವಾ?"

"ಬೆಂಕಿ ಅಂದಿರಲಿಲ್ಲ" ಎಂದ. "ಈಗ ಅಂತಿದ್ದೀಯಾ? ಬೆಂಕಿ ಬಿದ್ರೂನಾ? ಬೇರೆಯವರು ನನ್ನ ಕೇಳಿದ್ರೂನಾ?"

"ಬಿದ್ರೂ, ಕೇಳಿದ್ರೂ. ಯಾರು ಸತ್ತರೂ."

ಅವನು ತಲೆಯಾಡಿಸಿದ. ಹನ್ನೊಂದು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಅವನು ಒಂದೇ ಒಂದು ಸಲವೂ ತಪ್ಪಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಹೇಳಬೇಕು. ಅಣ್ಣ ದಿನವೂ ಮಧ್ಯಾಹ್ನ ಒಂದು ಹತ್ತಕ್ಕೆ ಅಂಗಡಿಯಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದ. ಮೂರು ಪ್ರಶ್ನೆ: ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಾಗಿಲು ಹಾಕಿದ್ಯಾ. ಮೂರಕ್ಕೂ ಉತ್ತರ ಬಂದ ಮೇಲೆ ಫೋನ್ ಇಡುತ್ತಿದ್ದ. "ಮಗ ಅಲ್ಲ ಕಣೇ, ಪೊಲೀಸ್ ಸ್ಟೇಷನ್ನು" ಎಂದು ಅಮ್ಮ ನಗುತ್ತಿದ್ದಳು, ಆದರೆ ಒಂದು ಗಂಟೆಗೇ ಫೋನ್ ಪಕ್ಕ ಹೋಗಿ ಕೂರುತ್ತಿದ್ದಳು. ಹನ್ನೆರಡು ವರ್ಷ ನಡೆದು ಬಂದ ಫೋನು. ಗೋಡೆಯ ಗಡಿಯಾರದ ಸದ್ದನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ? ನಾನಂತೂ ಇಟ್ಟುಕೊಂಡಿರಲಿಲ್ಲ.

ಆ ದಿನ ನಾಲ್ಕು ಗಂಟೆಗೆ ನಾನು ಕೆಲಸದಿಂದ ಬಂದಾಗ ಅಮ್ಮ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ನನ್ನನ್ನು ನೋಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಂಬುಲೆನ್ಸ್ ಬಂತು. ಅಣ್ಣ ಅಂಗಡಿಯಿಂದ ನೇರ ಆಸ್ಪತ್ರೆಗೆ ಬಂದ, ಬೆರಳ ತುದಿಯಲ್ಲಿ ಇನ್ನೂ ಗಾಜಿನ ಪುಡಿ ಇತ್ತು. ತುರ್ತು ವಿಭಾಗದ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ನಾನು ಅಳುತ್ತಿದ್ದೆ. ಕನ್ನಡಕ ಒದ್ದೆಯಾಗಿ ಏನೂ ಕಾಣದೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ನಿಯಮದ ನೆನಪು ನನಗೆ ಇರಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಇದು ನಿಜ.

ನಾಲ್ಕು ಮುಕ್ಕಾಲಿಗೆ ಡಾಕ್ಟರು ಹೊರಗೆ ಬಂದರು. "ಕೊನೇ ಸಲ ಇವರು ಸರಿಯಾಗಿ ಇದ್ದದ್ದು ಯಾವಾಗ? ಯಾರಾದ್ರೂ ನೋಡಿದ್ದು, ಮಾತಾಡಿಸಿದ್ದು?"

"ಬೆಳಿಗ್ಗೆ ಎಂಟಕ್ಕೆ, ನಾನು ಹೊರಡುವಾಗ" ಎಂದೆ.

ಅವರು ಉಸಿರು ಬಿಟ್ಟರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಕಾಣುತ್ತದೆ, ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಎಂಟು ತಾಸು ದಾಟಿದ ಮೇಲೆ ಕೊಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು ಎಂದು ವಿವರಿಸಿದರು. ನಾನು ತಲೆಯಾಡಿಸಿದೆ.

ಪಕ್ಕದಲ್ಲಿ ಅಣ್ಣ ಎದ್ದು ನಿಂತ. ನನಗೆ ಕಂಡದ್ದು ಮಬ್ಬಾದ ಒಂದು ಉದ್ದ ಆಕಾರ. ಅವನು ಕೈ ಮುಂದೆ ಚಾಚಿ, ಕಟ್ಟಿದ ಗಡಿಯಾರವನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅಂಗಡಿಗೆ ವಾಪಸು ಹೋಗುವ ಹೊತ್ತಾಯಿತು ಎನ್ನುತ್ತಾನೆ ಎಂದುಕೊಂಡೆ. ಅವನಿಗೆ ಹೊತ್ತು ಎಂದರೆ ಪ್ರಾಣ. "ಟೈಮ್ ಎಷ್ಟಾದ್ರೂ ಆಗ್ಲಿ, ಕೂತ್ಕೋ" ಎಂದೆ. ಕೂತ. ಮತ್ತೆ ಎದ್ದ. ಡಾಕ್ಟರ ಹಿಂದೆ ಹೋಗಿ ಅವರಿಗೂ ಗಡಿಯಾರ ತೋರಿಸಿದ. "ಗಾಬರಿ ಆಗಬೇಡಿ ಸರ್, ನಾವು ನೋಡ್ಕೋತೀವಿ, ಹೊರಗೆ ಕೂತ್ಕೊಳ್ಳಿ" ಎಂದರು. ಬಂದು ಕೂತ. ಕೂತಲ್ಲೇ ಹಿಂದೆ ಮುಂದೆ ತೂಗತೊಡಗಿದ, ಬೆಂಚು ಅಲುಗಾಡುತ್ತಿತ್ತು.

ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು, ನೀವು ಬರೆಯುತ್ತಿದ್ದೆವು. ಮಾತಾಡಬೇಡ ಎಂದರೆ ಬರೆಯಬಹುದು ಎಂಬ ಒಳದಾರಿ ಹುಡುಕುವ ಬುದ್ಧಿ ನಮ್ಮದು. ಅವನಿಗೆ ಮಾತಾಡಬೇಡ ಎಂದರೆ ಹೇಳಬೇಡ ಎಂದೇ. ಗಡಿಯಾರ ತೋರಿಸಿದ್ದೇ ಅವನು ಜೀವಮಾನದಲ್ಲಿ ಮಾಡಿದ ಅತಿ ದೊಡ್ಡ ಕಳ್ಳತನ.

ಆರು ಗಂಟೆ ಐದು ನಿಮಿಷಕ್ಕೆ ನರ್ಸ್ ಒಬ್ಬಳು ಸಹಿಗೆ ಕಾಗದ ತಂದಳು. ಓದಲೆಂದು ನಾನು ಕನ್ನಡಕ ಒರೆಸಿ ಹಾಕಿಕೊಂಡೆ.

ಅದು ಕಿವಿಯ ಮೇಲೆ ಕೂತಿತೋ ಇಲ್ಲವೋ, ಅಣ್ಣ ಶುರುಮಾಡಿದ. "ಅಮ್ಮ ಒಂದು ಹತ್ತಕ್ಕೆ ಫೋನಲ್ಲಿ ಸರಿಯಾಗಿ ಮಾತಾಡಿದ್ಲು. ಒಂದು ಹದಿಮೂರರವರೆಗೆ ಮಾತಾಡಿದ್ಲು. ಊಟ ಆಯ್ತು ಅಂದ್ಲು, ಮಾತ್ರೆ ತಗೊಂಡೆ ಅಂದ್ಲು, ಬಾಗಿಲು ಹಾಕಿದ್ದೀನಿ ಅಂದ್ಲು. ಮಾತು ತೊದಲಿರಲಿಲ್ಲ. ಇಂಜೆಕ್ಷನ್ ಐದು ನಲವತ್ಮೂರರವರೆಗೆ ಕೊಡಬಹುದಿತ್ತು."

ನರ್ಸ್ ಒಳಗೆ ಓಡಿದಳು. ಡಾಕ್ಟರು ಬಂದು ಗೋಡೆಯ ಗಡಿಯಾರ ನೋಡಿದರು, ಅಣ್ಣನನ್ನು ನೋಡಿದರು. "ಇದನ್ನ ಆಗಲೇ ಯಾಕೆ ಹೇಳ್ಲಿಲ್ಲ?"

"ಅವಳು ಕನ್ನಡಕ ಹಾಕಿರಲಿಲ್ಲ" ಎಂದ ಅಣ್ಣ.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದವಳಿಗೆ ಆಯಿತು. ಅಲ್ಲಿಂದಾಚೆಗೆ ನನಗೆ ಅಳು ಬರಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲನ್ನು ಚಿವುಟಿದರೆ ಗೊತ್ತಾಗುವುದಿಲ್ಲವಲ್ಲ, ನಾನು ಪೂರ್ತಿ ಹಾಗೆ ಆಗಿಬಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಆ ಬುದ್ಧಿಯಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಅಣ್ಣನ ಎದುರು ನಿಂತು ಹೇಳಿದೆ: "ಇವತ್ತಿಗೆ ಆ ನಿಯಮ ಮುಗೀತು. ಬಾಯಿ ಮುಚ್ಚು ಅಂತ, ಇದನ್ನ ಹೇಳಬೇಡ ಅಂತ, ಇನ್ಮೇಲೆ ನಿನಗೆ ನಾನು ಯಾವತ್ತೂ ಅನ್ನಲ್ಲ."

"ಯಾವತ್ತೂನಾ?"

"ಯಾವತ್ತೂ."

ಇಪ್ಪತ್ತನಾಲ್ಕು ದಿನದ ಮೇಲೆ ಅಮ್ಮ ಮನೆಗೆ ಬಂದಳು. ಬಲಗೈ, ಬಲಗಾಲಿನಲ್ಲಿ ಸ್ವಾಧೀನ ಇಲ್ಲ. ಮಾತು ಇಲ್ಲ. ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೌದಾದರೆ ತಲೆಯಾಡಿಸುತ್ತಿದ್ದಳು, ಇಲ್ಲವಾದರೆ ಕಣ್ಣು ಮುಚ್ಚುತ್ತಿದ್ದಳು. ಚಿಕ್ಕಮ್ಮ ಬಂದು, "ಹಣೇಲಿ ಬರೆದಿದ್ದು, ಯಾರು ಏನು ಮಾಡೋಕಾಗುತ್ತೆ" ಎಂದು ಕಣ್ಣೊರೆಸಿಕೊಂಡರು. ನಾನು ಹೌದು ಎಂದೆ. ದಿನವೂ ಸಂಜೆ ಅಮ್ಮನ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುವಾಗ ನಾನೂ ಅದನ್ನೇ ಹೇಳುತ್ತಿದ್ದೆ: "ಡಾಕ್ಟ್ರು ಮಾಡೋದೆಲ್ಲ ಮಾಡಿದ್ರಮ್ಮ. ಬೇರೆ ದಾರಿನೇ ಇರ್ಲಿಲ್ಲ." ಅಮ್ಮ ತಲೆಯಾಡಿಸುತ್ತಿದ್ದಳು.

ಅಮ್ಮನಿಗೆ ತಿಳಿಯಬಾರದು. ನನಗೆ ಉಳಿದಿದ್ದ ಆಸೆ ಇದೊಂದೇ. ಒಂದು ಇಂಜೆಕ್ಷನ್ ಇತ್ತು, ಇಪ್ಪತ್ತೆರಡು ನಿಮಿಷ ತಡವಾಯಿತು, ತಡ ಮಾಡಿದವಳು ಮಗಳು ಎಂದು ಆ ಹಾಸಿಗೆಯಲ್ಲಿ ಮಲಗಿ ತಿಳಿದುಕೊಳ್ಳುವುದು ಬೇಡ. ತಿಳಿದ ಮೇಲೆ ಅವಳು ನನ್ನನ್ನು ನೋಡುವ ನೋಟ ನನಗೆ ಬೇಡ. ಇದನ್ನು ಬಲ್ಲವರು ಮನೆಯಲ್ಲಿ ಇಬ್ಬರೇ. ಒಬ್ಬಳು ಸುಳ್ಳು ಹೇಳಿ ಸಂಬಳ ತೆಗೆದುಕೊಳ್ಳುವವಳು, ಇನ್ನೊಬ್ಬ ಜಡ್ಜ್. ಅವನಿಗೆ ಹೇಳಬೇಡ ಎನ್ನುವ ಹಾಗಿಲ್ಲ. ನಾನೇ ಕೊಟ್ಟ ಮಾತು.

ಅಮ್ಮನಿಗೆ ಫೋನ್ ಮಾಡಿ ಪ್ರಯೋಜನವಿಲ್ಲವೆಂದು ಅಣ್ಣ ಈಗ ಮಧ್ಯಾಹ್ನ ಮನೆಗೇ ಬರತೊಡಗಿದ್ದ. ಒಂದು ಹತ್ತಕ್ಕೆ ಬಂದು, ಅದೇ ಮೂರು ಪ್ರಶ್ನೆ ಕೇಳಿ, ತಲೆಯಾಡಿಸಿದ್ದನ್ನು ನೋಡಿ, ಅಮ್ಮನಿಗೆ ಊಟ ಮಾಡಿಸಿ ಹೋಗುತ್ತಿದ್ದ. ಆ ಮುಕ್ಕಾಲು ಗಂಟೆ ನಾನು ಆಫೀಸಿನಲ್ಲಿ ಯಾರದೋ ಮೆಷಿನ್ನಿನ ತೊಂದರೆ ಕೇಳಿಸಿಕೊಳ್ಳುತ್ತ, ಈಗ ಹೇಳಿದನೇ, ಈಗ ಹೇಳಿದನೇ ಎಂದುಕೊಳ್ಳುತ್ತಿದ್ದೆ. ಭಯ ಎಂದರೂ ಎದೆ ಬಡಿಯುವ ಭಯವಲ್ಲ. ಹಲ್ಲುನೋವಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಸಂಜೆ ಬಂದವಳೇ ಅಮ್ಮನ ಮುಖ ನೋಡುತ್ತಿದ್ದೆ. ಏನೂ ಬದಲಾಗಿರುತ್ತಿರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಮ್ಮೆ ಪ್ರಯತ್ನಿಸಿದೆ. "ಕೆಲವು ವಿಷಯ ಕೇಳಿದ್ರೆ ಅಮ್ಮನಿಗೆ ಬಿ.ಪಿ. ಏರುತ್ತೆ, ಅಲ್ವಾ?"

"ಯಾವ ವಿಷಯ?"

"ಕೆಲವು."

"ಪಟ್ಟಿ ಕೊಡು" ಎಂದ. ಪೆನ್ನೂ ಕೊಟ್ಟ. ನಾನು ಎದ್ದು ಹೋದೆ.

ಎಂಟು ತಿಂಗಳಾದ ಮೇಲೆ ಆಸ್ಪತ್ರೆಯಿಂದ ಕರೆ ಬಂತು: ಸೋಮವಾರ ಅಮ್ಮನನ್ನು ತಪಾಸಣೆಗೆ ಕರೆತನ್ನಿ. ಆ ದಿನ ಇದ್ದ ಡಾಕ್ಟರೇ ನೋಡುತ್ತಾರೆ. ಅಣ್ಣನೂ ಬರುತ್ತಾನೆ, ಗಾಲಿಕುರ್ಚಿ ಇಳಿಸಲು ಅವನು ಬೇಕೇ ಬೇಕು. ಅಮ್ಮನ ಎದುರಿಗೇ ಡಾಕ್ಟರು ಏನಾದರೂ ಕೇಳಿದರೆ ಅವನು ಕಡ್ಡಿ ಮುರಿದ ಹಾಗೆ ಹೇಳುತ್ತಾನೆ. ಭಾನುವಾರ ಬೆಳಿಗ್ಗೆ ಅವನು ಬಾಲ್ಕನಿಯಲ್ಲಿ ಕೂತು, ಎದುರುಮನೆಯವರ ಕನ್ನಡಕದ ಸಡಿಲವಾದ ಸ್ಕ್ರೂ ಬಿಗಿ ಮಾಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ಬೇಡ ಎನ್ನುವ ಪದ ಬರದ ಹಾಗೆ ಮಾತನ್ನು ನಾಲ್ಕು ಸಲ ಬಾಯೊಳಗೇ ಜೋಡಿಸಿಕೊಂಡೆ.

"ಅಣ್ಣ, ಆ ಇಂಜೆಕ್ಷನ್ ವಿಷಯ ನಾಳೆ ಅಮ್ಮನಿಗೆ ಹೇಳ್ತೀಯಾ?"

"ಇಲ್ಲ."

ಅಷ್ಟು ಸಾಕಿತ್ತು. ಸುಮ್ಮನೆ ಒಳಗೆ ಹೋಗಬಹುದಿತ್ತು. "ಯಾಕೆ?" ಎಂದುಬಿಟ್ಟೆ.

"ಹೇಳಿದ್ದೀನಲ್ಲ. ಎರಡನೇ ಸಲ ಯಾಕೆ?"

"ಯಾವಾಗ?"

"ಮನೆಗೆ ಬಂದ ಮಾರನೇ ದಿನ. ಊಟ ಮಾಡ್ಸಿ ಆದ್ಮೇಲೆ." ಅವನು ಸ್ಕ್ರೂಡ್ರೈವರಿನಿಂದ ಕಣ್ಣು ತೆಗೆಯಲಿಲ್ಲ. "ಮೈ ಅವಳದು. ಏನಾಯ್ತು ಅಂತ ಅವಳಿಗೆ ಗೊತ್ತಾಗಬೇಕಲ್ವಾ?"

"ಏನಂತ ಹೇಳ್ದೆ?"

"ಆಗಿದ್ದನ್ನ. ನೀನು ಕನ್ನಡಕ ತೆಗೆದೆ, ನಾನು ಬಾಯಿ ಮುಚ್ಚಿದೆ, ಇಪ್ಪತ್ತೆರಡು ನಿಮಿಷ ತಡ ಆಯ್ತು. ಇಬ್ಬರದೂ ತಪ್ಪು. ಇಂಜೆಕ್ಷನ್ ಕೊಟ್ಟಿದ್ರೂ ಎಲ್ಲರಿಗೂ ಮಾತು ವಾಪಸು ಬರಲ್ಲ ಅಂತಾನೂ ಹೇಳ್ದೆ. ಅದೂ ನಿಜ."

"ಅಮ್ಮ ಏನು ಮಾಡಿದ್ಲು?"

"ಅತ್ತಳು. ಸುಮಾರು ಹೊತ್ತು. ಆಮೇಲೆ ಎಡಗೈಲಿ ನನ್ನ ತಲೆ ಮುಟ್ಟಿದ್ಲು. ಆಮೇಲೆ ನೀನು ಕೂರೋ ಕುರ್ಚಿ ತೋರಿಸಿದ್ಲು. ನೀನು ಆಫೀಸಿಗೆ ಹೋಗಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅವನು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೊಂದು ಸ್ಕ್ರೂಗೆ ಕೈ ಹಾಕಿದ. ಎಂಟು ತಿಂಗಳು. ಒಂದು ಸಂಜೆಯೂ ಬಿಡದೆ ನಾನು ಆ ಸುಳ್ಳು ಹೇಳಿದ್ದೆ, ಒಂದು ಸಂಜೆಯೂ ಬಿಡದೆ ಅಮ್ಮ ತಲೆಯಾಡಿಸಿದ್ದಳು. ಸುಳ್ಳೆಂದು ತಿಳಿದೇ ಆಡಿಸಿದ್ದಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅರ್ಧ ಮೈ ಸತ್ತ ಆ ಮುದುಕಿ ನನ್ನನ್ನು ಕಾಪಾಡುತ್ತಿದ್ದಳು.

ಒಳಗೆ ಹೋದೆ. ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕುರ್ಚಿ ಎಳೆದುಕೊಂಡು ಕೂತು ಅವಳ ಬಲಗೈ ತೆಗೆದುಕೊಂಡೆ. ಬೆರಳು ಮಡಿಸಲಿಲ್ಲ.

"ಅಮ್ಮ, ಆ ದಿನ ನಾನು ಕನ್ನಡಕ..."

ಮುಂದಿನ ಮಾತು ಬರುವ ಮೊದಲೇ ಅಮ್ಮ ತಲೆಯಾಡಿಸಿದಳು. ಎಡಗೈ ಎತ್ತಿ ನನ್ನ ಕೆನ್ನೆ ಸವರಲು ನೋಡಿದಳು. ಆ ಕೈಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ. ಅದು ಬಂದು ನನ್ನ ಮೂಗಿಗೆ ಬಡಿಯಿತು. ಜೋರಾಗಿಯೇ ನೋವಾಯಿತು. ಕಣ್ಣಲ್ಲಿ ನೀರು ತುಂಬಿತು, ಮೂಗಿನ ನೋವಿಗೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಅದು ನಿಲ್ಲಲಿಲ್ಲ. ಅಮ್ಮನ ಮಡಿಲಿಗೆ ತಲೆಯಿಟ್ಟು, ಆಸ್ಪತ್ರೆಯ ಬೆಂಚಿನ ಮೇಲೆ ಬಿಟ್ಟುಬಂದಿದ್ದ ಅಳುವನ್ನೆಲ್ಲ ಅತ್ತೆ. "ತಪ್ಪಾಯ್ತಮ್ಮ, ಹೇಳ್ತೀನಿ ಕೇಳು, ನನ್ನಿಂದಾನೇ..." ಎಂದು ಏನೇನೋ ಹೇಳುತ್ತಿದ್ದೆ.

ಬಾಗಿಲಲ್ಲಿ ಅಣ್ಣ ಬಂದು ನಿಂತಿದ್ದ.

"ಅವಳಿಗೆ ಗೊತ್ತು ಅಂದ್ನಲ್ಲ" ಎಂದ. "ನಿನಗೆ ಹೇಳಬೇಕು ಅನ್ನಿಸ್ತಿದ್ರೆ ಹೇಳು. ನಾನು ಹೊರಗೆ ಇರ್ತೀನಿ."